ಹಗ್ಗದ ಗಂಟು, ಹಡಗಿನ ವೇಗ

ಮೂವತ್ತು ವರ್ಷಗಳಿಗೂ ಮಿಕ್ಕಿ ಕೆಂಪು ಪೆನ್ಸಿಲು ಹಿಡಿದವನಿಗೆ, ತಾನು ತಿದ್ದಿದ್ದೆಲ್ಲವೂ ಸರಿ ಎಂಬ ಒಂದು ಭ್ರಮೆ ತಾನಾಗಿಯೇ ಬೆಳೆದುಬಿಡುತ್ತದೆ. ನನ್ನ ಆ ಭ್ರಮೆಯನ್ನು ಬಿಡಿಸಿದ್ದು ಒಂದು ತುಂಡು ಹಗ್ಗ. ಕರಾವಳಿಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ, ಭಾಷಾಂತರದ ಅಭ್ಯಾಸಕ್ಕೆಂದು ಸಮುದ್ರಯಾನದ ಒಂದು ಇಂಗ್ಲಿಷ್ ಗದ್ಯಭಾಗವನ್ನು ಕೊಟ್ಟಿದ್ದೆ. ಹಡಗು ಎಂಟು ನಾಟ್ ವೇಗದಲ್ಲಿ ಸಾಗುತ್ತಿತ್ತೆಂಬ ಅರ್ಥದ ವಾಕ್ಯವೊಂದು ಅದರಲ್ಲಿತ್ತು. ಒಬ್ಬ ವಿದ್ಯಾರ್ಥಿ ಅದನ್ನು 'ಹಡಗು ಎಂಟು ಗಂಟಿನ ವೇಗದಲ್ಲಿ ಓಡುತ್ತಿತ್ತು' ಎಂದು ಬರೆದ. ಗಂಟು ಎಂದರೆ ಬಟ್ಟೆಯ ಗಂಟಾದೀತು, ಹಣದ ಗಂಟಾದೀತು, ಬಹಳವೆಂದರೆ ಬ್ರಹ್ಮಗಂಟಾದೀತು; ವೇಗ ಹೇಗಾದೀತು? ನಾನು ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಹಾಸ್ಯಾಸ್ಪದ' ಎಂದೂ ಬರೆದೆ. ಹುಡುಗ ಮರುದಿನ ಬಂದು, "ಸಾರ್, ಅದು ಹಗ್ಗದ ಗಂಟೇ ಅಂತೆ. ನಮ್ಮಜ್ಜ ಆಗಬೋಟಿನಲ್ಲಿ ಖಲಾಸಿಯಾಗಿದ್ದವರು, ಅವರು ಹೇಳುತ್ತಿದ್ದರು" ಎಂದ. "ಅಜ್ಜ ಹೇಳಿದ್ದನ್ನೆಲ್ಲ ಉತ್ತರಪತ್ರಿಕೆಯಲ್ಲಿ ಬರೆಯುವುದಲ್ಲಪ್ಪ" ಎಂದು ನಾನು ಅವನನ್ನು ಕಳುಹಿಸಿಬಿಟ್ಟೆ.

ನಿವೃತ್ತನಾದ ಮೇಲೆ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಅಲ್ಲಿಯ ಒಂದು ಸಾಗರ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಒಂದು ಮರದ ಹಲಗೆ, ಒಂದು ಉರುಳೆ, ಅದಕ್ಕೆ ಸುತ್ತಿದ ಸಣ್ಣ ಹಗ್ಗ, ಪಕ್ಕದಲ್ಲಿ ಗೇಣುದ್ದವೂ ಇಲ್ಲದ ಒಂದು ಮರಳು ಗಡಿಯಾರ ಇವನ್ನು ಕಂಡೆ. ಹಗ್ಗದ ಮೇಲೆ ಅಲ್ಲಲ್ಲಿ ಗಂಟುಗಳಿದ್ದವು. ಆ ಹುಡುಗನ ಅಜ್ಜ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಆ ಗಂಟುಗಳ ಕಥೆಯನ್ನು ಅನಂತರ ಓದುತ್ತ ಹೋದಂತೆ, ನಾನು ತಿದ್ದಿದ ತಪ್ಪಿಗಿಂತ ಹೆಚ್ಚು ಸ್ವಾರಸ್ಯದ ಇನ್ನೊಂದು ತಪ್ಪು ಆ ಉಪಕರಣದಲ್ಲಿಯೇ ಅಡಗಿದೆಯೆಂಬುದು ತಿಳಿಯಿತು. ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಅದನ್ನೇ.

ನೆಲದ ಮೇಲೆ ದಾರಿ ನಡೆಯುವವನಿಗೆ ದೂರ ತಿಳಿಯುವುದು ಕಷ್ಟವಲ್ಲ. ಆಲದ ಮರ ಬಂತು, ಮಂಟಪ ಬಂತು, ಹೊಳೆ ಬಂತು. ಹರದಾರಿ, ಗಾವುದಗಳ ಲೆಕ್ಕ ಇವುಗಳಿಂದಲೇ ನಡೆಯುತ್ತದೆ. ಕಡಲಿನಲ್ಲಿ ನಿನ್ನೆ ಕಂಡ ಅಲೆಯೇ ಇಂದೂ ಕಾಣುತ್ತದೆ. ದಿಕ್ಕನ್ನು ದಿಕ್ಸೂಚಿ ಹೇಳೀತು. ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಸರಿದೆವೆಂಬುದನ್ನು ಧ್ರುವನಕ್ಷತ್ರವೋ ನಡುಹಗಲಿನ ಸೂರ್ಯನೋ ಹೇಳಿಯಾನು. ಆದರೆ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಬಂದೆವೆಂಬುದನ್ನು ಹೇಳುವ ಗುರುತು ಆಕಾಶದಲ್ಲಿಯೂ ಸುಲಭವಾಗಿ ಸಿಗುತ್ತಿರಲಿಲ್ಲ. ಹಡಗಿನ ವೇಗವನ್ನು ತಿಳಿದು, ಕಳೆದ ಗಂಟೆಗಳಿಂದ ಗುಣಿಸಿ, ದಿಕ್ಸೂಚಿ ತೋರಿದ ದಿಕ್ಕಿನಲ್ಲಿ ಅಷ್ಟು ಉದ್ದದ ಗೆರೆಯನ್ನು ನಕ್ಷೆಯ ಮೇಲೆ ಎಳೆದುಕೊಳ್ಳುವುದೊಂದೇ ಉಪಾಯ.

ನಮ್ಮ ಪಶ್ಚಿಮ ಸಮುದ್ರದಲ್ಲಿ ಓಡಾಡುತ್ತಿದ್ದ ಅರಬ್ ನಾವಿಕರು ದೂರವನ್ನು 'ಝಾಮ್' ಎಂಬ ಮಾನದಿಂದ ಹೇಳುತ್ತಿದ್ದರು. ಹದಿನೈದನೆಯ ಶತಮಾನದ ಇಬ್ನ್ ಮಾಜಿದನ ಬರಹಗಳಲ್ಲಿ ಈ ಲೆಕ್ಕವುಂಟು. ಒಂದು ಝಾಮ್ ಎಂದರೆ ಮೂರು ಗಂಟೆಗಳ ಯಾನ. ಹಗಲಿರುಳು ಸೇರಿ ಎಂಟು. ನಮ್ಮ ಜಾವವೂ ಮೂರು ಗಂಟೆಯದೇ, ದಿನಕ್ಕೆ ಎಂಟೇ. ಬೆಳಗಿನ ಜಾವವೆಂದು ನಾವು ಹೇಳುವಾಗ ಕಡಲಿನ ನೆನಪು ಬರುವುದಿಲ್ಲ, ಅಷ್ಟೆ. ಹೀಗೆ ಕಾಲದಿಂದಲೇ ದೂರವನ್ನು ಹೇಳುವುದರಲ್ಲಿ ವೇಗವನ್ನು ಅನುಭವಿಯ ಕಣ್ಣಿಗೆ ಬಿಟ್ಟಂತಾಗುತ್ತದೆ. ಕೊಲಂಬಸನೂ 1492ರಲ್ಲಿ ನೀರಿನ ನೊರೆಯನ್ನು ಕಣ್ಣಳತೆಯಿಂದ ಅಳೆದುಕೊಂಡೇ ಅಟ್ಲಾಂಟಿಕ್ ಸಾಗರವನ್ನು ದಾಟಿದ.

ಕಣ್ಣಿಗೆ ನೆರವಾಗಿ ಬಂದ ಮೊದಲ ಸಾಧನ ಬರಿಯ ಮರದ ಚೂರು. ಹಡಗಿನ ಮುಂಬದಿಯಿಂದ ಅದನ್ನು ನೀರಿಗೆಸೆದು, ಅದು ಹಿಂಬದಿಯನ್ನು ದಾಟುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಎಣಿಸುವುದು. ಹಡಗಿನ ಉದ್ದ ಗೊತ್ತು, ಹೊತ್ತು ಗೊತ್ತು, ಉಳಿದದ್ದು ಭಾಗಾಕಾರ. ಡಚ್ಚರಲ್ಲಿ ಇದು ಬಹುಕಾಲ ಉಳಿಯಿತು. ಹದಿನೆಂಟನೆಯ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೀಟರ್ ಹೋಲ್ಮ್ ಎಂಬಾತ ಈ ಭಾಗಾಕಾರದ ಕೋಷ್ಟಕವನ್ನು ಹೊಗೆಸೊಪ್ಪಿನ ಹಿತ್ತಾಳೆ ಡಬ್ಬಿಗಳ ಮೇಲೆಯೇ ಕೆತ್ತಿಸುತ್ತಿದ್ದ. ನಾವಿಕನು ಹೊಗೆಸೊಪ್ಪನ್ನು ಮರೆತು ಹಡಗು ಹತ್ತುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ನಾನು ಕಂಡ ಗಂಟಿನ ಹಗ್ಗ. ಇಂಗ್ಲೆಂಡಿನ ವಿಲಿಯಂ ಬೋರ್ನ್ ಎಂಬಾತ 1574ರಲ್ಲಿ ಪ್ರಕಟಿಸಿದ ನಾವಿಕರ ಕೈಪಿಡಿಯಲ್ಲಿ ಇದರ ಮೊದಲ ವರ್ಣನೆ ಸಿಗುತ್ತದೆ. ಮುಂದೆ ಸುಧಾರಿಸಿದ ಮೇಲೆ ಅದರ ರೂಪ ಹೀಗಿತ್ತು. ಕಾಲುವೃತ್ತದ ಆಕಾರದ ಒಂದು ತೆಳು ಹಲಗೆ. ದೋಸೆಯನ್ನು ನಾಲ್ಕು ಮಡಿಕೆ ಮಾಡಿದರೆ ಯಾವ ಆಕಾರ ಬರುತ್ತದೆಯೋ ಅದು. ದುಂಡಂಚಿಗೆ ಸೀಸವನ್ನು ಬಡಿದಿರುತ್ತಾರೆ. ಆದುದರಿಂದ ನೀರಿನಲ್ಲಿ ಅದು ಮಲಗದೆ, ಮೂಲೆಯನ್ನು ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತದೆ. ಮೂರು ಮೂಲೆಗಳಿಂದ ಮೂರು ಎಳೆಗಳು ಬಂದು ಮುಖ್ಯ ಹಗ್ಗಕ್ಕೆ ಸೇರುತ್ತವೆ. ಅವುಗಳಲ್ಲಿ ಒಂದೆಳೆಯನ್ನು ಕಟ್ಟಿರುವುದಿಲ್ಲ, ಮರದ ಬೆಣೆಯೊಂದರಿಂದ ಸಿಕ್ಕಿಸಿರುತ್ತಾರೆ. ಅದರ ಗುಟ್ಟನ್ನು ಮುಂದೆ ಹೇಳುತ್ತೇನೆ.

ಅಳತೆಗೆ ಮೂವರು ಬೇಕು. ಒಬ್ಬ ಉರುಳೆಯ ಎರಡು ಹಿಡಿಗಳನ್ನು ಹಿಡಿದು ತಲೆಯ ಮೇಲೆತ್ತಿ ನಿಲ್ಲುತ್ತಾನೆ. ಗಾಳಿಪಟದ ದಾರ ಬಿಡುವಾಗ ಮಕ್ಕಳು ಉರುಳೆ ಹಿಡಿದುಕೊಳ್ಳುವಂತೆಯೇ. ಇನ್ನೊಬ್ಬನ ಕೈಯಲ್ಲಿ ಮರಳು ಗಡಿಯಾರ. ಮೂರನೆಯವನು ಹಡಗಿನ ಹಿಂಬದಿಯಿಂದ ಹಲಗೆಯನ್ನು ಎಸೆಯುತ್ತಾನೆ. ಹಲಗೆ ನೀರಿನಲ್ಲಿ ನೆಟ್ಟಗೆ ನಿಂತುಬಿಡುತ್ತದೆ. ಹಡಗು ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಹಗ್ಗ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಮೊದಲ ಹತ್ತಿಪ್ಪತ್ತು ಮಾರುಗಳು ಲೆಕ್ಕಕ್ಕಿಲ್ಲ. ಹಡಗಿನ ಹಿಂದೆ ಸುಳಿಯುವ ಕದಡಿದ ನೀರನ್ನು ಹಲಗೆ ದಾಟಲೆಂದು ಅಷ್ಟನ್ನು ಬಿಟ್ಟುಕೊಡುವುದು. ಇಲ್ಲಿ ಒಂದು ಮಾತು: ನಮ್ಮ ಹೂವಾಡಗಿತ್ತಿಯ ಮಾರೂ ಇಂಗ್ಲಿಷ್ ನಾವಿಕನ ಫ್ಯಾದಮ್ಮೂ ಹುಟ್ಟಿನಲ್ಲಿ ಒಂದೇ, ಎರಡು ತೋಳುಗಳನ್ನು ಚಾಚಿದ ಉದ್ದ. ಲೆಕ್ಕ ಶುರುವಾಗುವ ಕಡೆ ಹಗ್ಗಕ್ಕೆ ಬಟ್ಟೆಯ ಚೂರೊಂದನ್ನು ಕಟ್ಟಿರುತ್ತಾರೆ. ಅದು ಕೈಯಿಂದ ಜಾರಿದೊಡನೆ ಎಸೆದವನು ಕೂಗುತ್ತಾನೆ, ಗಡಿಯಾರದವನು ಮಗುಚುತ್ತಾನೆ. ಮರಳು ಮುಗಿದೊಡನೆ ಅವನು ಕೂಗುತ್ತಾನೆ, ಇವನು ಹಗ್ಗವನ್ನು ಬಿಗಿಹಿಡಿಯುತ್ತಾನೆ. ಎಷ್ಟು ಗಂಟುಗಳು ಕೈ ದಾಟಿ ಹೋದುವೋ ಅಷ್ಟು ನಾಟ್ ಹಡಗಿನ ವೇಗ. ಹಗ್ಗವನ್ನು ಹಟಾತ್ತನೆ ಹಿಡಿದ ಆ ಜಗ್ಗಿಗೆ ಬೆಣೆ ಕಳಚಿಕೊಳ್ಳುತ್ತದೆ, ಹಲಗೆ ಮಲಗುತ್ತದೆ. ಆಗ ಎಳೆದುಕೊಳ್ಳುವುದು ಹಗುರ. ಬೆಣೆಯ ಗುಟ್ಟು ಇಷ್ಟೆ. ಬೆಣೆ ಇಲ್ಲದಿದ್ದರೆ ಗಂಟೆಗೊಮ್ಮೆ ನಿಂತ ಹಲಗೆಯನ್ನು ನೀರಿನೆದುರು ಎಳೆಯುವ ಖಲಾಸಿಯ ಅಂಗೈ ಏನಾಗಬೇಕು!

ಗಂಟಿನಿಂದ ಗಂಟಿಗೆ ಎಷ್ಟು ಅಂತರವೆಂಬುದು ತ್ರೈರಾಶಿಯ ಲೆಕ್ಕ. ಗಂಟೆಗೆ 3,600 ಸೆಕೆಂಡುಗಳು, ಬ್ರಿಟಿಷರ ಕಡಲ ಮೈಲಿಗೆ 6,080 ಅಡಿಗಳು. ಮರಳು 28 ಸೆಕೆಂಡುಗಳಲ್ಲಿ ಸುರಿಯುವುದಾದರೆ ಗಂಟುಗಳ ಅಂತರ 47 ಅಡಿ 3 ಅಂಗುಲ. ಆಗ ಹಗ್ಗದ ಒಂದು ಗಂಟು ಗಂಟೆಗೆ ಒಂದು ಮೈಲಿಯಾಗುತ್ತದೆ. ಗುಣಾಕಾರ ಭಾಗಾಕಾರಗಳೆಲ್ಲವನ್ನೂ ಹಗ್ಗದಲ್ಲಿಯೇ ಕಟ್ಟಿಹಾಕಿದ್ದರಿಂದ, ಎಣಿಸಲು ಬಂದರೆ ಸಾಕು, ಓದುಬರಹ ಬೇಡ. ನಾಟ್ ಎನ್ನುವುದರಲ್ಲಿಯೇ ಗಂಟೆಯೂ ಸೇರಿರುವುದರಿಂದ, ಗಂಟೆಗೆ ಇಷ್ಟು ನಾಟ್ ಎನ್ನುವುದು ಪುನರುಕ್ತಿ. ನನ್ನ ವಿದ್ಯಾರ್ಥಿ ಆ ತಪ್ಪನ್ನೂ ಮಾಡಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆದರೆ ಈ ಮೈಲಿಯ ಉದ್ದವೇ ಬಹುಕಾಲ ತಪ್ಪಾಗಿತ್ತು. ಭೂಮಿಯ ಸುತ್ತಳತೆಯ ಒಂದು ಅಂಶದ ಅರವತ್ತನೆಯ ಭಾಗ ಕಡಲ ಮೈಲಿ. ಭೂಮಿ ಎಷ್ಟು ದೊಡ್ಡದೆಂದು ಸರಿಯಾಗಿ ತಿಳಿಯದಿದ್ದಾಗ ಅದನ್ನು 5,000 ಅಡಿಗಳೆಂದು ಹಿಡಿದು, 30 ಸೆಕೆಂಡುಗಳ ಗಡಿಯಾರಕ್ಕೆ 42 ಅಡಿಗೊಂದು ಗಂಟು ಹಾಕುತ್ತಿದ್ದರು. ರಿಚರ್ಡ್ ನಾರ್ವುಡ್ ಎಂಬ ಗಣಿತದ ಉಪಾಧ್ಯಾಯ ಲಂಡನ್ನಿನಿಂದ ಯಾರ್ಕ್ ನಗರದವರೆಗಿನ ದೂರವನ್ನು ಅಳೆದು, ಕಡಲ ಮೈಲಿ 6,120 ಅಡಿಗಳೆಂದು 1637ರಲ್ಲಿ ಬರೆದ. ಅವನ ಲೆಕ್ಕದಂತೆ ಗಂಟುಗಳ ಅಂತರ 51 ಅಡಿಯಾಗಬೇಕು. ನಾವಿಕರು ಕೇಳಲಿಲ್ಲ. ಹಗ್ಗವನ್ನು ಹಾಗೆಯೇ ಇಟ್ಟುಕೊಂಡರು. ತೀರ ಬಲವಂತವಾದಾಗ ಗಂಟನ್ನು ಸರಿಸುವುದರ ಬದಲು ಗಡಿಯಾರದ ಮರಳನ್ನು ಕಡಿಮೆ ಮಾಡಿಕೊಂಡರು. ಇದನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. ಗಂಟುಗಳು ಹತ್ತಿರವಿದ್ದರೆ ಎಣಿಕೆ ಹೆಚ್ಚಾಗುತ್ತದೆ. ಹಡಗು ನಿಜವಾಗಿ ಬಂದುದಕ್ಕಿಂತ ಹೆಚ್ಚು ದೂರ ಬಂದಂತೆ ಪುಸ್ತಕ ತೋರಿಸುತ್ತದೆ. ದಡ ಇನ್ನೂ ದೂರವಿರುವಾಗಲೇ ಕಾವಲಿನವನು ಕಣ್ಣರಳಿಸಿ ನಿಲ್ಲುತ್ತಾನೆ. ಲೆಕ್ಕ ತಪ್ಪಲೇಬೇಕಾದರೆ ಜೀವ ಉಳಿಯುವ ಕಡೆಗೆ ತಪ್ಪಲಿ ಎಂಬುದು ಅವರ ನ್ಯಾಯ.

ಹಗ್ಗ ನೆನೆದಾಗ ಉದ್ದ ಬದಲಾಗುತ್ತದೆ, ಶೀತದ ಹವೆಯಲ್ಲಿ ಮರಳು ನಿಧಾನವಾಗುತ್ತದೆ. ಆದುದರಿಂದ ಹಡಗಿನ ಅಟ್ಟದ ಮೇಲೆ ಗುರುತುಗಳನ್ನು ಮಾಡಿಟ್ಟುಕೊಂಡು ಹಗ್ಗವನ್ನು ಆಗಾಗ ಒರೆಹಚ್ಚುತ್ತಿದ್ದರು. ಹೀಗೆ ಗಂಟೆಗಂಟೆಗೂ ಸಿಕ್ಕಿದ ಎಣಿಕೆಯನ್ನು ಎಲ್ಲಿಯಾದರೂ ಗುರುತು ಹಾಕಬೇಕಲ್ಲ. ಅದಕ್ಕೊಂದು ತೂತಿನ ಹಲಗೆಯಿತ್ತು, ನಮ್ಮ ಅಳಗುಳಿಮಣೆಯ ದೂರದ ನಂಟನಂತೆ. ಮೂವತ್ತೆರಡು ದಿಕ್ಕುಗಳಿಗೆ ಮೂವತ್ತೆರಡು ಸಾಲುಗಳು, ಸಾಲಿಗೆ ಎಂಟು ತೂತುಗಳು, ಅರ್ಧ ಗಂಟೆಗೊಂದು ಗೂಟ. ನಾಲ್ಕು ಗಂಟೆಗಳ ಪಾಳಿ ಮುಗಿದಾಗ ಗೂಟಗಳನ್ನು ಓದಿ ಪುಸ್ತಕಕ್ಕೆ ಏರಿಸುವುದು. ಇಂಗ್ಲಿಷಿನಲ್ಲಿ ಲಾಗ್ ಎಂದರೆ ಮರದ ತುಂಡು. ನೀರಿಗೆಸೆಯುವ ಹಲಗೆಗೆ ಆ ಹೆಸರು ಬಂತು. ಅದರ ಎಣಿಕೆಯನ್ನು ಬರೆಯುವ ಪುಸ್ತಕ ಲಾಗ್‌ಬುಕ್ ಆಯಿತು. ಇಂದು ನನ್ನ ಮೊಮ್ಮಗ ಗಣಕಯಂತ್ರದ ಮುಂದೆ ಕುಳಿತು 'ಲಾಗಿನ್ ಆಗ್ತಿಲ್ಲ ಅಜ್ಜ' ಎಂದು ಗೊಣಗಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಅಟ್ಲಾಂಟಿಕ್ಕಿನಲ್ಲಿ ತೇಲುವ ಆ ಮರದ ತುಂಡು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಲಗೆಯ ಜಾಗಕ್ಕೆ ಯಂತ್ರ ಬಂತು. ಎಡ್ವರ್ಡ್ ಮ್ಯಾಸಿ 1802ರಲ್ಲಿ, ನೀರಿನಲ್ಲಿ ಎಳೆದುಕೊಂಡು ಹೋದಂತೆ ತಿರುಗುವ ರೆಕ್ಕೆಯ ಲೋಹದ ಲಾಗನ್ನು ತಂದ. ಅವನ ಬಂಧು ಥಾಮಸ್ ವಾಕರ್ 1861ರಲ್ಲಿ ಅದನ್ನು ಸುಧಾರಿಸಿದ. ಅದೇ ಮನೆತನದವರ 'ಚೆರಬ್' ಎಂಬ ಲಾಗು 1884ರಲ್ಲಿ ಬಂದಾಗ, ಎಷ್ಟು ಮೈಲಿಯಾಯಿತೆಂಬುದನ್ನು ಹಡಗಿನ ಹಿಂಬದಿಯ ಕಟಕಟೆಯ ಮೇಲಿನ ಮುಳ್ಳಿನಲ್ಲಿಯೇ ಓದಲು ಸಾಧ್ಯವಾಯಿತು. ನಿಖರತೆ ಹೆಚ್ಚಿತು, ಖಲಾಸಿಗಳ ಶ್ರಮ ಇಳಿಯಿತು. ಆದರೆ ಗಂಟಿನ ಹಗ್ಗದಲ್ಲಿದ್ದ ಮೂಲದೋಷ ಮಾತ್ರ ಕದಲದೆ ಹಾಗೆಯೇ ಉಳಿಯಿತು.

ಆ ದೋಷ ಯಾವುದು? ಎಸೆದ ಹಲಗೆ ನೀರಿನಲ್ಲಿ ನಿಂತುಬಿಡುತ್ತದೆ ಎಂದೆ. ನೀರು ನಿಂತಿದೆಯೇ? ಸಮುದ್ರದೊಳಗೆ ನದಿಗಳಂತೆ ಪ್ರವಾಹಗಳು ಹರಿಯುತ್ತವೆ. ಹಲಗೆಯೂ ಹಡಗೂ ಒಟ್ಟಿಗೆ ಅದರೊಡನೆ ತೇಲಿಹೋಗುತ್ತಿದ್ದರೆ ಹಗ್ಗಕ್ಕೆ ಅದರ ಸುಳಿವೇ ಸಿಗುವುದಿಲ್ಲ. ಹಗ್ಗ ಅಳೆಯುವುದು ನೀರಿನ ಮೇಲೆ ನಡೆದ ದೂರವನ್ನು. ನಾವಿಕನಿಗೆ ಬೇಕಾದುದು ನೀರಿನ ಕೆಳಗಿನ ನೆಲದ ಮೇಲಿನ ದೂರ. ಹಡಗು ಐದು ನಾಟ್ ವೇಗದಲ್ಲಿ ಸಾಗುತ್ತಿದ್ದು, ಮೂರು ನಾಟಿನ ಪ್ರವಾಹ ಎದುರಿಗೆ ಬರುತ್ತಿದ್ದರೆ, ಒಂದು ದಿನದಲ್ಲಿ ಪುಸ್ತಕದ ಪ್ರಕಾರ 120 ಮೈಲಿ, ವಾಸ್ತವವಾಗಿ 48.

ಈ ಅಂತರದಲ್ಲಿ ಮನುಷ್ಯರು ಸತ್ತಿದ್ದಾರೆ. ಜಿಬ್ರಾಲ್ಟರಿನಿಂದ ಮರಳುತ್ತಿದ್ದ ಇಂಗ್ಲಿಷ್ ನೌಕಾದಳದ ಒಂದು ತಂಡ, ಅಡ್ಮಿರಲ್ ಸರ್ ಕ್ಲೌಡ್ಸ್ಲಿ ಶವೆಲ್ಲನ ನೇತೃತ್ವದಲ್ಲಿ, 1707ರ ಅಕ್ಟೋಬರ್ 22ರ ರಾತ್ರಿ, ಅಂದಿನ ಇಂಗ್ಲಿಷ್ ಪಂಚಾಂಗದ ಪ್ರಕಾರ, ತಾನು ಇಂಗ್ಲಿಷ್ ಕಡಲ್ಗಾಲುವೆಯ ಬಾಯಿಯಲ್ಲಿ ಸುರಕ್ಷಿತವಾಗಿರುವುದಾಗಿ ಎಣಿಸಿತ್ತು. ಇದ್ದದ್ದು ಸಿಲಿ ದ್ವೀಪಗಳ ಬಂಡೆಗಳ ನಡುವೆ. ಶವೆಲ್ಲನಿದ್ದ 'ಅಸೋಸಿಯೇಶನ್' ಬಂಡೆಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅದರಲ್ಲಿದ್ದ ಸುಮಾರು ಎಂಟುನೂರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಒಟ್ಟು ನಾಲ್ಕು ಹಡಗುಗಳು ಹೋದುವು. ಸತ್ತವರ ಸಂಖ್ಯೆ 1,400ರಿಂದ 2,000ದವರೆಗೆ ಇದ್ದೀತೆಂದು ಅಂದಾಜು. ಲೆಕ್ಕ ತಪ್ಪಿದೆಯೆಂದು ಎಚ್ಚರಿಸಿದ ನಾವಿಕನೊಬ್ಬನನ್ನು ಅಡ್ಮಿರಲ್ ನೇಣಿಗೇರಿಸಿದನೆಂಬ ಕಥೆಯೊಂದು ಬಹಳ ಪ್ರಸಿದ್ಧವಾಗಿದೆ. ಅದಕ್ಕೆ ಆಧಾರವಿಲ್ಲ, ದೊಡ್ಡ ದುರಂತಗಳಿಗೆ ಜನ ಇಂಥ ಕಥೆಯನ್ನು ಕಟ್ಟುತ್ತಾರೆ. ಉಳಿದ ಹಡಗುಗಳ ಪುಸ್ತಕಗಳನ್ನು ಅನಂತರದವರು ಹೋಲಿಸಿ ನೋಡಿದಾಗ ಕಂಡದ್ದು ಬೇರೆಯೇ: ತಪ್ಪು ಯಾವನೊಬ್ಬನದೂ ಅಲ್ಲ, ಎಲ್ಲರ ಲೆಕ್ಕಗಳೂ ಒಂದಿಷ್ಟು ಆಚೀಚೆ ಇದ್ದುವು, ರೇಖಾಂಶದಲ್ಲಿ ಮಾತ್ರವಲ್ಲ, ಅಕ್ಷಾಂಶದಲ್ಲಿಯೂ.

ಪ್ರವಾಹದ ಮಾತು ನಾವಿಕರಿಗೆ ತಿಳಿಯದ್ದಲ್ಲ, ಆದರೆ ತಿಳಿದವರು ಹೇಳಿದರೂ ಎಲ್ಲರೂ ಕೇಳುತ್ತಿರಲಿಲ್ಲ. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಹೋಗುವ ಅಂಚೆಯ ಹಡಗುಗಳು ವ್ಯಾಪಾರಿ ಹಡಗುಗಳಿಗಿಂತ ಎರಡು ವಾರ ಹೆಚ್ಚು ಹೊತ್ತು ಏಕೆ ತೆಗೆದುಕೊಳ್ಳುತ್ತವೆಂಬ ದೂರು, ಅಮೆರಿಕದ ವಸಾಹತುಗಳ ಅಂಚೆಯನ್ನು ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ನನ ಮುಂದೆ ಬಂತು. ಅವನ ನೆಂಟ ಟಿಮೊಥಿ ಫೋಲ್ಜರ್ ನಾಂಟಕೆಟ್ ದ್ವೀಪದ ತಿಮಿಂಗಿಲ ಬೇಟೆಯ ನಾವಿಕ. ಅಂಚೆಯ ಹಡಗುಗಳು ಗಲ್ಫ್ ಸ್ಟ್ರೀಮ್ ಪ್ರವಾಹದ ಎದುರಿಗೇ ಹೊರಟು ದಿನಗಟ್ಟಲೆ ಗುದ್ದಾಡುತ್ತವೆ, ನಾವು ಎಷ್ಟು ಹೇಳಿದರೂ ಅವರ ಕಪ್ತಾನರು ಲಕ್ಷ್ಯಕ್ಕೆ ತರುವುದಿಲ್ಲ ಎಂದು ಆತ ವಿವರಿಸಿದ. ಫ್ರಾಂಕ್ಲಿನ್ 1769ರ ಸುಮಾರಿಗೆ ಆ ಪ್ರವಾಹದ ನಕ್ಷೆಯನ್ನೇ ಅಚ್ಚು ಹಾಕಿಸಿದ. ಕಪ್ತಾನರು ಆಗಲೂ ಗಮನ ಕೊಡಲಿಲ್ಲ. ಅವರ ಹಗ್ಗ ಹಡಗು ಮುಂದೆ ಹೋಗುತ್ತಿದೆಯೆಂದೇ ಹೇಳುತ್ತಿತ್ತಲ್ಲ!

ಇನ್ನು, ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ ವ್ಯಕ್ತಿಯ ವಿಚಾರ. ಜೇಮ್ಸ್ ರೆನೆಲ್ ಎಂಬ ಹೆಸರು ಭಾರತದ ಭೂಗೋಳ ಓದಿದವರಿಗೆ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಡಿಯಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದು, ಬಂಗಾಳದ ನಕ್ಷಾಪುಸ್ತಕವನ್ನೂ 1782ರಲ್ಲಿ ಇಡೀ ಹಿಂದೂಸ್ಥಾನದ ನಕ್ಷೆಯನ್ನೂ ಹೊರತಂದವನು. ಭೂತಾನದ ಗಡಿಯಲ್ಲಿ 1766ರಲ್ಲಿ ಕತ್ತಿಯೇಟು ತಿಂದು ಬದುಕುಳಿದವನು. ಊರಿಗೆ ಮರಳಿದ ಮೇಲೆ ಈ ನೆಲದ ನಕ್ಷೆಗಾರ ನೀರಿನತ್ತ ತಿರುಗಿದ. ಸಿಲಿ ದ್ವೀಪಗಳ ಪಶ್ಚಿಮಕ್ಕೆ ಆಗಾಗ ಕಾಣಿಸಿಕೊಂಡು ಹಡಗುಗಳನ್ನು ಉತ್ತರಕ್ಕೆ ತಳ್ಳುವ ಪ್ರವಾಹವೊಂದರ ಮೇಲೆ ಅವನು ಬರೆದ ಪ್ರಬಂಧ 1793ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸಂಪುಟದಲ್ಲಿ ಬಂತು. ಶವೆಲ್ಲನ ಹಡಗುಗಳನ್ನು ಆ ಪ್ರವಾಹವೇ ಬಂಡೆಗೆ ಒಯ್ದಿತೆಂದು ನಾನು ಹೇಳುತ್ತಿಲ್ಲ. ಗಾಳಿಗೆ ತಕ್ಕಂತೆ ಕೆಲವೊಮ್ಮೆ ಇದ್ದು ಕೆಲವೊಮ್ಮೆ ಇಲ್ಲದಿರುವಂಥದು ಅದು. ಆದರೆ ಅದೇ ಬಂಡೆಗಳ ನೆರೆಯಲ್ಲಿ ಅವನು ಹುಡುಕಿದ್ದು ಅದೇ ಬಗೆಯ ತಪ್ಪಿನ ಕಾರಣವನ್ನು.

ಅವನು ಹುಡುಕಿದ ದಾರಿ ಎಷ್ಟು ಸರಳವೆಂದರೆ, ಇಷ್ಟು ದಿನ ಯಾರಿಗೂ ಏಕೆ ಹೊಳೆಯಲಿಲ್ಲವೆನಿಸುತ್ತದೆ. ಹೊಳೆಯುವಂತಿರಲಿಲ್ಲ. ಏಕೆಂದರೆ ಹಗ್ಗ ಎಷ್ಟು ತಪ್ಪಿತೆಂದು ತಿಳಿಯಬೇಕಾದರೆ ಸರಿಯಾದ ಸ್ಥಾನ ಬೇರೊಂದು ಮಾರ್ಗದಿಂದ ಗೊತ್ತಾಗಬೇಕು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕಡಲಿನ ಅಲುಗಾಟಕ್ಕೂ ಕೆಡದ ಗಡಿಯಾರಗಳು ಬಂದ ಮೇಲೆ ರೇಖಾಂಶ ತಿಳಿಯುವಂತಾಯಿತು. ಈಗ ಒಂದೇ ಹಡಗಿನ ಪುಸ್ತಕದಲ್ಲಿ ಪ್ರತಿದಿನವೂ ಎರಡು ಸ್ಥಾನಗಳು: ಒಂದು ಹಗ್ಗ ಹೇಳಿದ್ದು, ಇನ್ನೊಂದು ಸೂರ್ಯನೂ ಗಡಿಯಾರವೂ ಹೇಳಿದ್ದು. ಎರಡರ ನಡುವಿನ ಅಂತರವೇ ಆ ದಿನ ಆ ಜಾಗದಲ್ಲಿ ನೀರು ಎತ್ತ ಹರಿಯಿತು, ಎಷ್ಟು ಹರಿಯಿತು ಎಂಬುದರ ಲೆಕ್ಕ. ನಾವಿಕರು ದೋಷವೆಂದು ಬರೆದು ಕೈಬಿಟ್ಟ ಅಂಕಿಗಳನ್ನು ರೆನೆಲ್ ನೂರಾರು ಪುಸ್ತಕಗಳಿಂದ ಆರಿಸಿ, ಸಾಗರದ ಮೇಲೆ ಬಾಣದ ಗುರುತುಗಳಾಗಿ ಹರಡಿದ. ಅಟ್ಲಾಂಟಿಕ್ಕಿನ ಪ್ರವಾಹಗಳನ್ನು ಕುರಿತ ಅವನ ದೊಡ್ಡ ಗ್ರಂಥ, ಅವನು ತೀರಿಹೋದ ಎರಡು ವರ್ಷಗಳ ಅನಂತರ, 1832ರಲ್ಲಿ ಮಗಳ ಪ್ರಯತ್ನದಿಂದ ಪ್ರಕಟವಾಯಿತು. ಅಮೆರಿಕದ ಮೋರಿ 1847ರಿಂದ ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಹೊರಡಿಸಿದ್ದೂ ಹಳೆಯ ಲಾಗ್ ಪುಸ್ತಕಗಳ ರಾಶಿಯಿಂದಲೇ.

ಇದಕ್ಕೆಲ್ಲ ಆಧಾರವಾದುದು ಹೆಸರೂ ಉಳಿಯದ ಸಾವಿರಾರು ಜನರ ಒಂದು ಅಭ್ಯಾಸ. ಹಗ್ಗ ಹೇಳಿದ್ದು ತಪ್ಪೆಂದು ಮಧ್ಯಾಹ್ನದ ಸೂರ್ಯ ತೋರಿಸಿಕೊಟ್ಟಾಗಲೂ ಅವರು ಬೆಳಗಿನ ಎಣಿಕೆಯನ್ನು ಅಳಿಸಲಿಲ್ಲ. ಅದನ್ನು ಹಾಗೆಯೇ ಬಿಟ್ಟು, ಸರಿಯಾದುದನ್ನು ಪಕ್ಕದಲ್ಲಿ ಬರೆದರು. ತಿದ್ದಿ ಒಂದು ಮಾಡಿಟ್ಟಿದ್ದರೆ ಪುಸ್ತಕ ಚೊಕ್ಕಟವಾಗಿರುತ್ತಿತ್ತು, ಪ್ರವಾಹ ಮಾತ್ರ ಕಾಣೆಯಾಗುತ್ತಿತ್ತು. ಕೆಂಪು ಪೆನ್ಸಿಲಿನವನಾದ ನನಗೆ ಇದು ಸ್ವಲ್ಪ ಚುಚ್ಚಿದ ಸಂಗತಿ.

ನಮ್ಮ ಕರಾವಳಿಯ ಕಡಲಿಗೂ ಈ ಲೆಕ್ಕ ಬಂದಿದೆ. ಬ್ರಿಟನ್ನಿನ ಹವಾಮಾನ ಕಚೇರಿಯಲ್ಲಿ ಶೇಖರವಾಗಿದ್ದ, ಹಡಗುಗಳು ಹೀಗೆ ದಾರಿ ತಪ್ಪಿ ಸರಿದ ದಾಖಲೆಗಳನ್ನು ಒಟ್ಟುಗೂಡಿಸಿ, ಕಟ್ಲರ್ ಮತ್ತು ಸ್ವಾಲೋ ಎಂಬವರು 1984ರಲ್ಲಿ ಹಿಂದೂ ಮಹಾಸಾಗರದ ಮೇಲ್ಮೈ ಪ್ರವಾಹಗಳ ನಕ್ಷಾಸಂಗ್ರಹವನ್ನು ಸಿದ್ಧಪಡಿಸಿದರು. ಕಾರವಾರ ಮಂಗಳೂರುಗಳ ಮುಂದೆ ನೀರು ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆಂಬುದು ಇಂದು ಸಮುದ್ರವಿಜ್ಞಾನದ ಪಾಠ. ಆ ಹುಡುಗನ ಅಜ್ಜನಂಥವರು ರಾತ್ರಿಯ ಪಾಳಿಯಲ್ಲಿ ಓದಿ ಒಪ್ಪಿಸಿದ ಅಂಕಿಗಳೂ ಆ ಬಾಣಗಳೊಳಗೆ ಎಲ್ಲಿಯೋ ಸೇರಿರಬಹುದೆಂದು ನಾನು ಊಹಿಸಿಕೊಳ್ಳುತ್ತೇನೆ.

ಇಂದು ಉಪಗ್ರಹಗಳು ಹಡಗಿನ ಸ್ಥಾನವನ್ನು ಕ್ಷಣಕ್ಷಣಕ್ಕೂ ಹೇಳುತ್ತವೆ. ಹಗ್ಗವೂ ಇಲ್ಲ, ಮರಳೂ ಇಲ್ಲ. ಆದರೂ ಅಂತರರಾಷ್ಟ್ರೀಯ ನಿಯಮದಂತೆ ದೊಡ್ಡ ಹಡಗುಗಳಲ್ಲಿ ನೀರಿನ ಮೇಲಿನ ವೇಗವನ್ನು ಅಳೆಯುವ ಲಾಗ್ ಇರಲೇಬೇಕು. ಕಪ್ತಾನನ ಮುಂದಿನ ಫಲಕದಲ್ಲಿ ಎರಡು ಅಂಕಿಗಳು ಹತ್ತಿರ ಹತ್ತಿರ ಬೆಳಗುತ್ತಿರುತ್ತವೆ: ನೀರಿನ ಮೇಲೆ 14 ನಾಟ್, ನೆಲದ ಮೇಲೆ 12. ಎದುರಿನಿಂದ ಎರಡು ಗಂಟಿನಷ್ಟು ನೀರು ಬರುತ್ತಿದೆ ಎಂದು ಆತ ಅವೆರಡರಿಂದ ಓದಿಕೊಳ್ಳುತ್ತಾನೆ.